ಆನೆಗೆ ಯಾವ ಎಣ್ಣೆ?

ಬೆಳಗ್ಗೆ ಎದ್ದು ಕಾರಿನ ಕೆಳಗೆ ಹಾಸಿದ್ದ ರಟ್ಟು ಎಳೆದು ನೋಡಿದೆ. ಏಳು ಹನಿ ಆಯಿಲ್. ಹಿಂದಿನ ದಿನ ಐದಿತ್ತು. ಎಲ್ಲಾ ಡ್ರೈವರ್ ಕಡೆಗೇ. ಪೆನ್ನು ತಗೊಂಡು ಒಂದೊಂದು ಹನಿಗೂ ಸುತ್ತು ಹಾಕಿ ತಾರೀಕು ಬರೆದೆ. ಹೆಂಡತಿ ಕಿಟಕಿಯಿಂದ ನೋಡಿ, "ರಂಗೋಲಿ ಮುಗೀತಾ?" ಅಂದಳು.

ಕಾರು 2004ರ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ. ಓಹಾಯೋದ ನಮ್ಮ ಬೀದಿಯಲ್ಲೇ ಇದ್ದ ಒಬ್ಬ ಅಜ್ಜ ಕಣ್ಣು ಮಂಜಾಯ್ತು ಅಂತ ಓಡಿಸೋದು ಬಿಟ್ಟಾಗ ಅವರಿಂದ ತಗೊಂಡಿದ್ದು. ಮೀಟರಿನಲ್ಲಿ 96,410 ಮೈಲಿ. ಈ ಕಾರು ಗೊತ್ತಿಲ್ಲದವರಿಗೆ: ಅಮೆರಿಕದ ಪೊಲೀಸರೂ ಟ್ಯಾಕ್ಸಿಯವರೂ ವರ್ಷಾನುಗಟ್ಟಲೆ ಓಡಿಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಇದೆಯಲ್ಲ, ಇದು ಅದರ ಒಡಹುಟ್ಟು. ಲಾರಿಗೆ ಇರುವ ಹಾಗೆ ಕೆಳಗೆ ಬೇರೆ ಚಾಸಿ, ಮೇಲೆ ಬಾಡಿ. 4.6 ಲೀಟರಿನ ವಿ8 ಎಂಜಿನ್. ಓಡುವುದು ಹಿಂದಿನ ಚಕ್ರದ ಬಲದಲ್ಲಿ. ಉದ್ದ ಸುಮಾರು 5.38 ಮೀಟರ್. ಕೆನಡಾದ ಒಂಟಾರಿಯೋದ ಸೇಂಟ್ ಥಾಮಸ್‌ನಲ್ಲಿ ತಯಾರಾಗ್ತಿತ್ತು. 2011ರಲ್ಲಿ ಮರ್ಕ್ಯುರಿ ಅನ್ನೋ ಹೆಸರೇ ನಿಂತುಹೋಯ್ತು. ಸಕ್ರೆಬೈಲಿನಲ್ಲಿ ಆನೆಗಳಿಗೆ ಮೈ ತೊಳೆಸೋದನ್ನ ನೋಡಿ ಬೆಳೆದವನು ನಾನು. ಈ ಕಾರು ಮನೆ ಮುಂದೆ ಬಂದು ನಿಂತ ದಿನವೇ ಅದಕ್ಕೆ ಆನೆ ಅಂತ ಹೆಸರು ಬಿತ್ತು.

ಆನೆಗೆ ಮೂರು ತೊಂದರೆ ಇತ್ತು. ಕೆಳಗೆ ಆಯಿಲ್ ಹನಿಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಸುಟ್ಟ ವಾಸನೆ. ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಸೆಕೆಂಡ್ ಕಟಕಟ ಸದ್ದು, ಆಮೇಲೆ ಏನೂ ಇಲ್ಲ. ಸಾವಿರ ಮೈಲಿಗೆ ಅರ್ಧ ಕ್ವಾರ್ಟ್ ಆಯಿಲ್ ಕಡಿಮೆಯಾಗುತ್ತಿತ್ತು. ಕ್ವಾರ್ಟ್ ಅಂದರೆ ಲೀಟರಿಗೆ ಸ್ವಲ್ಪ ಕಮ್ಮಿ, 946 ಮಿಲಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ತಂದ ವಾರದಲ್ಲೇ ನಾನೇ ಆಯಿಲ್ ಬದಲಾಯಿಸಲು ಹೋದೆ. ಹಳೇ ಫಿಲ್ಟರ್ ಬಿಚ್ಚಿದೆ, ಹೊಸದು ಕೂರಿಸಿದೆ, ಆರು ಕ್ವಾರ್ಟ್ ಸುರಿದೆ, ಸ್ಟಾರ್ಟ್ ಮಾಡಿದೆ. ಹತ್ತು ಸೆಕೆಂಡಿನಲ್ಲಿ ಡ್ರೈವ್‌ವೇ ತುಂಬ ಆಯಿಲ್. ಹಳೇ ಫಿಲ್ಟರಿನ ರಬ್ಬರ್ ರಿಂಗು ಬಿಚ್ಚಿಕೊಂಡು ಎಂಜಿನ್ನಿಗೇ ಅಂಟಿಕೊಂಡಿತ್ತು. ಅದರ ಮೇಲೆ ಹೊಸ ರಿಂಗು ಕೂತಿದೆ. ಎರಡು ರಿಂಗು ಒಂದರ ಮೇಲೊಂದು ಕೂತರೆ ಒತ್ತಡಕ್ಕೆ ಜಾರದೇ ಇರುತ್ತಾ? ಸಾಕಿದ ಬೆಕ್ಕಿನ ಗಲೀಜು ಹೀರೋಕೆ ಅಂತ ಮಾರೋ ಮರಳು ಎರಡು ಚೀಲ ಸುರಿದು ಗುಡಿಸಿದೆ. ಆ ಕಲೆ ಈಗಲೂ ಇದೆ. ಅವತ್ತಿನಿಂದ ಬಿಚ್ಚಿದ ಫಿಲ್ಟರನ್ನ ತಿರುಗಿಸಿ, ರಿಂಗು ಅದರಲ್ಲೇ ಇದೆಯಾ ಅಂತ ಬೆರಳಾಡಿಸಿ ನೋಡದೆ ಹೊಸದು ಮುಟ್ಟೋದಿಲ್ಲ.

ಹನಿ ಬೀಳೋದು ಮಾತ್ರ ಅದಾದ ಮೇಲೂ ನಿಲ್ಲಲಿಲ್ಲ.

ಸಾಗರದಲ್ಲಿ ಚಿಕ್ಕಪ್ಪನ ಗ್ಯಾರೇಜ್ ಇದೆ. ಅಂಬಾಸಿಡರ್ ಕಾಲದಿಂದ ಕೈ ಮಸಿ ಮಾಡಿಕೊಂಡವರು. ವಿಡಿಯೋ ಕಾಲ್ ಮಾಡಿ ರಟ್ಟು ತೋರಿಸಿದೆ.

"ಎಂಥ ಆಯಿಲ್ ಹಾಕಿದ್ದೀಯ?"

"5ಡಬ್ಲ್ಯೂ-20, ಚಿಕ್ಕಪ್ಪ."

"ಅದು ಆಯಿಲಾ ಮಾರಾಯ, ನೀರು! 20ಡಬ್ಲ್ಯೂ-50 ಹಾಕು. ಗಟ್ಟಿ ಇದ್ದರೆ ಸೋರೋದು ತಾನೇ ನಿಲ್ಲುತ್ತೆ." ಆಮೇಲೆ ಫೋನ್ ಇಡುವಾಗ ಇನ್ನೊಂದು ಮಾತು ಸೇರಿಸಿದರು. "ಹಾಂ, ಅದಕ್ಕೆ ಮೊದಲು ಎಂಜಿನ್ ತೊಳಿ. ಮಸಿ ಮೇಲೆ ಮಸಿ ಕೂತಿದ್ರೆ ಎಲ್ಲಿಂದ ಸೋರ್ತಿದೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ."

ಅವತ್ತು ನಾನು ಹಿಡಿದುಕೊಂಡಿದ್ದು ಮೊದಲನೇ ಮಾತನ್ನ. ಕಿವಿಗೆ ಹಾಕಿಕೊಳ್ಳಬೇಕಾಗಿದ್ದು ಎರಡನೇದು.

ಗಟ್ಟಿ ಆಯಿಲ್ ವಿಷಯದಲ್ಲಿ ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಗಟ್ಟಿ ಇದ್ದರೆ ಸಣ್ಣ ಸಂದಿಯಲ್ಲಿ ಜಿನುಗೋದು ನಿಧಾನವಾಗುತ್ತೆ. ಸಾಗರದ ಹವೆಗೆ, ಹಳೇ ಎಂಜಿನ್ನಿಗೆ ಅದು ನಡೆಯುತ್ತೆ. ಆದರೆ ಇಲ್ಲಿ ಜನವರಿಯಲ್ಲಿ ಮೈನಸ್ 18 ಡಿಗ್ರಿಗೆ ಇಳಿಯೋದು ದೊಡ್ಡ ವಿಷಯವೇ ಅಲ್ಲ.

ಡಬ್ಬದ ಮೇಲಿನ ಡಬ್ಲ್ಯೂ ಅಂದರೆ ವೆಯ್ಟ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ಅದು ವಿಂಟರ್. ಅದರ ಹಿಂದಿನ ಅಂಕಿ ಚಳಿಯಲ್ಲಿ ಹೇಗಿರುತ್ತೆ ಅನ್ನೋದಕ್ಕೆ, ಮುಂದಿನದು ಎಂಜಿನ್ ಬಿಸಿಯಾದ ಮೇಲೆ ಹೇಗಿರುತ್ತೆ ಅನ್ನೋದಕ್ಕೆ. 5ಡಬ್ಲ್ಯೂ ಅನ್ನಿಸಿಕೊಳ್ಳಬೇಕಾದರೆ ಮೈನಸ್ 30ರಲ್ಲಿ ಎಂಜಿನ್ ತಿರುಗೋಕೆ ಅಡ್ಡಿ ಮಾಡಬಾರದು, ಮೈನಸ್ 35ರಲ್ಲಿ ಪಂಪು ಎಳೆದರೆ ಬರಬೇಕು. ಹೀಗಂತ ಅಮೆರಿಕದ ಎಂಜಿನಿಯರುಗಳ ಸಂಘ ಎಸ್‌ಎಇಯ ಅಳತೆ. 20ಡಬ್ಲ್ಯೂಗೆ ಇವೇ ಪರೀಕ್ಷೆಗಳು ಮೈನಸ್ 15 ಮತ್ತು ಮೈನಸ್ 20ರಲ್ಲಿ. ಅಂದರೆ ನಮ್ಮೂರಿನ ಕೆಟ್ಟ ಬೆಳಗ್ಗೆಗಳಲ್ಲಿ 20ಡಬ್ಲ್ಯೂ ತನ್ನ ಗಡಿಯ ಮೇಲೇ ನಿಂತಿರುತ್ತೆ. ಬಿಸಿಯಲ್ಲಿ, 100 ಡಿಗ್ರಿಯಲ್ಲಿ ಅಳೆದಾಗ, 20 ನಂಬರಿನದು 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಆಯಿಲ್ ಎಷ್ಟು ಗಟ್ಟಿ ಅಂತ ಅಳೆಯೋ ಲೆಕ್ಕ ಅದು, ಅಂಕಿ ಜಾಸ್ತಿಯಾದಷ್ಟೂ ಗಟ್ಟಿ. 30 ನಂಬರಿನದು 9.3ರಿಂದ 12.5. 50ರದ್ದು 16.3ರಿಂದ 21.9. 20ಕ್ಕೂ 50ಕ್ಕೂ ಎರಡರಷ್ಟು ವ್ಯತ್ಯಾಸ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಚಿಕ್ಕಪ್ಪ ಒಪ್ಪುವವರಲ್ಲ. ಅದಕ್ಕೆ ಒಂದು ಕ್ವಾರ್ಟ್ 20ಡಬ್ಲ್ಯೂ-50 ಕೊಂಡು ತಂದೆ. ಎರಡು ಗಾಜಿನ ಬಾಟಲಿಯಲ್ಲಿ ಅರ್ಧರ್ಧ ತುಂಬಿದೆ, ಒಂದರಲ್ಲಿ ಇದು, ಇನ್ನೊಂದರಲ್ಲಿ 5ಡಬ್ಲ್ಯೂ-20. ಮೈನಸ್ 17 ಇದ್ದ ರಾತ್ರಿ ಹಿತ್ತಲ ಜಗಲಿಯಲ್ಲಿ ಇಟ್ಟೆ. ಬೆಳಗ್ಗೆ ಎರಡನ್ನೂ ಒಟ್ಟಿಗೆ ಮಗ್ಗುಲಾಗಿಸಿದೆ. 5ಡಬ್ಲ್ಯೂ-20 ಕೊಂಚ ಸೋಮಾರಿಯಾದರೂ ಹರಿದು ಬಾಟಲಿಯ ಬಾಯಿಗೆ ಬಂತು. ಇನ್ನೊಂದು ಬಾಟಲಿಯಲ್ಲಿ ಆಯಿಲ್ ಓರೆಯಾಗಿ ಹಾಗೇ ನಿಂತಿತ್ತು. ಯೋಚನೆ ಮಾಡಿ ಮಾಡಿ ಹೆಜ್ಜೆ ಇಟ್ಟ ಹಾಗೆ ಇಳಿಯತೊಡಗಿತು. ವಿಡಿಯೋ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಚಿಕ್ಕಪ್ಪನ ಉತ್ತರ: "ಇದು ಆಯಿಲ್ ಅಲ್ಲ, ಜೋನಿ ಬೆಲ್ಲ. ನಿಮ್ಮೂರಿಗೆ ಬೇಡ ಬಿಡು."

ಈ ಎಂಜಿನ್ನಿಗೆ ಅದು ಯಾಕೆ ಇನ್ನೂ ಬೇಡ ಅಂದರೆ, ಇದರಲ್ಲಿ ಎರಡು ಕಡೆ ಎರಡು ಉದ್ದನೆಯ ಟೈಮಿಂಗ್ ಚೈನ್ ಇವೆ, ಎಂಜಿನ್ನಿನ ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚೋ ಹಾಗೆ ನೋಡಿಕೊಳ್ಳೋ ಸರಪಳಿಗಳು. ಅವನ್ನ ಬಿಗಿಯಾಗಿ ಹಿಡಿಯೋದು ಟೆನ್ಷನರ್. ಟೆನ್ಷನರಿಗೆ ಬಲ ಬರೋದು ಆಯಿಲ್ ಒತ್ತಡದಿಂದ. ಆಯಿಲ್ ಬರೋದು ತಡವಾದಷ್ಟೂ ಚೈನ್ ಸಡಿಲವಾಗಿ ಪ್ಲಾಸ್ಟಿಕ್ ಗೈಡಿಗೆ ಬಡಿಯುತ್ತೆ. ನನ್ನ ಆ ಎರಡು ಸೆಕೆಂಡಿನ ಕಟಕಟ ಅದೇ ಅಂತ ಅನುಮಾನ ಬಂತು. ಆಯಿಲ್ ಸರಿಯಾದದ್ದೇ ಇದೆ, ಮತ್ತೆ ತಡ ಯಾಕೆ? ಈ ಕಾರಿನಲ್ಲಿ ಫಿಲ್ಟರ್ ಅಡ್ಡಡ್ಡ ಮಲಗಿರುತ್ತೆ. ಎಂಜಿನ್ ನಿಂತ ಮೇಲೆ ಫಿಲ್ಟರಿನ ಆಯಿಲ್ ವಾಪಸ್ ಇಳಿದುಹೋಗದ ಹಾಗೆ ಒಳಗೊಂದು ರಬ್ಬರ್ ಕವಾಟ ಇರಬೇಕು. ನಾನು ಹಾಕಿದ್ದ ಅಗ್ಗದ ಫಿಲ್ಟರಿನಲ್ಲಿ ಆ ಕವಾಟ ಚಳಿಗೆ ಸೆಟೆದುಕೊಳ್ಳೋ ಮಾಮೂಲಿ ರಬ್ಬರಿನದು. ಫೋರ್ಡಿನವರದೇ ಮೋಟರ್‌ಕ್ರಾಫ್ಟ್ ಎಫ್‌ಎಲ್-820ಎಸ್ ತಂದೆ. ಅದರಲ್ಲಿ ಸಿಲಿಕೋನ್ ಕವಾಟ. ಹಾಕಿದ ಮಾರನೇ ಬೆಳಗ್ಗೆಯಿಂದ ಕಟಕಟ ಇಲ್ಲ. ಎಷ್ಟೋ ಜನ ಆಯಿಲಿಗೆ ಡಾಲರ್ ಡಾಲರ್ ಸುರಿದು ಫಿಲ್ಟರಿನಲ್ಲಿ ಉಳಿಸೋಕೆ ನೋಡ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಒಂದು ತೊಂದರೆ ತೀರಿತು. ಹನಿ ಇನ್ನೂ ಬೀಳ್ತಾನೇ ಇತ್ತು.

ಈ ನಡುವೆ ಎರಡು ಕಡೆ ದುಡ್ಡು ಹಾಳು ಮಾಡೋ ಹಾದಿಯಲ್ಲಿದ್ದೆ. ಒಂದು, ಹೈ ಮೈಲೇಜ್ ಆಯಿಲ್. 75,000 ಮೈಲಿ ದಾಟಿದ ಕಾರಿಗೆ ಅಂತ ಮಾರ್ತಾರೆ. ಸೀಲುಗಳನ್ನ ಮೆತ್ತಗೆ ಮಾಡೋ ಮದ್ದು ಅದರಲ್ಲಿ ಸೇರಿರುತ್ತೆ. ತಿರುಗೋ ಶಾಫ್ಟಿನ ರಬ್ಬರ್ ಸೀಲ್ ಒಣಗಿ ಜಿನುಗ್ತಿದ್ದರೆ ಸ್ವಲ್ಪ ಉಪಕಾರ ಆಗಬಹುದು. ಒಂದು ಸುತ್ತು ಹಾಕಿ ನೋಡಿದೆ, ರಟ್ಟಿನ ಮೇಲೆ ಲೆಕ್ಕ ಬದಲಾಗಲಿಲ್ಲ. ಇನ್ನೊಂದು, ಊರಿನ ಒಂದು ಗ್ಯಾರೇಜು. ಕಾರನ್ನ ಎತ್ತಿ, ಟಾರ್ಚ್ ಬಿಟ್ಟು, ಎರಡೇ ನಿಮಿಷದಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ವಾಲ್ವ್ ಕವರ್, ಅದರ ಸಂದಿ ಮುಚ್ಚೋ ಗ್ಯಾಸ್ಕೆಟ್ ಎರಡೂ ಕಡೆ ಹೋಗಿದೆ ಅಂದರು. 740 ಡಾಲರ್. ಕಾರಿಗೆ ಕೊಟ್ಟ ದುಡ್ಡಿನ ಕಾಲು ಭಾಗ! ಯೋಚನೆ ಮಾಡಿ ಹೇಳ್ತೀನಿ ಅಂತ ಬಂದುಬಿಟ್ಟೆ.

ಆಗ ನೆನಪಾಯ್ತು ಚಿಕ್ಕಪ್ಪನ ಎರಡನೇ ಮಾತು. ಮೊದಲು ತೊಳಿ.

ಏಪ್ರಿಲ್‌ನಲ್ಲಿ, ಕೈ ಮರಗಟ್ಟದ ಮೊದಲ ಶನಿವಾರ, ಆನೆಗೆ ಮೈ ತೊಳೆಸಿದೆ. ಇದರ ಮೂತಿ ಎಷ್ಟು ಮುಂದಕ್ಕೆ ಚಾಚಿದೆ ಅಂದರೆ ರ್‍ಯಾಂಪ್ ಮೇಲೆ ಹತ್ತಿಸುವಾಗ ಚಕ್ರಕ್ಕಿಂತ ಮೊದಲು ಬಂಪರ್ ಮುಟ್ಟುತ್ತೆ. ಮುಂದೆ ಎರಡು ಹಲಗೆ ತುಂಡು ಇಟ್ಟು, ಅದರ ಮೇಲಿಂದ ಹತ್ತಿಸಿದೆ. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು, ಪಾರ್ಕಿಂಗ್ ಬ್ರೇಕ್. ಸುಮಾರು 1,900 ಕಿಲೋ ತೂಕದ ಕೆಳಗೆ ಬರೀ ಜಾಕ್ ನಂಬಿ ಮಲಗಬೇಡಿ, ದಮ್ಮಯ್ಯ. ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಡಿಗ್ರೀಸರ್ ಹೊಡೆದು, ಬ್ರಷ್ಷಿನಲ್ಲಿ ಉಜ್ಜಿ, ಸಣ್ಣ ಧಾರೆಯಲ್ಲಿ ತೊಳೆದೆ. ಇಪ್ಪತ್ತು ವರ್ಷದ ಮಸಿ ಕಪ್ಪು ಹಿಟ್ಟಿನ ಹಾಗೆ ಕಳಚಿ ಕೆಳಗಿಟ್ಟ ಟ್ರೇಗೆ ಬಿತ್ತು. ಕೆಳಗಿನಿಂದ ಅಲ್ಯೂಮಿನಿಯಂ ಬಣ್ಣ ಕಂಡಾಗ ಆದ ಖುಷಿ ಬೇರೆ.

ಆಯಿಲಿಗೆ ಒಂದು ಸಣ್ಣ ಬಾಟಲಿ ಯುವಿ ಡೈ ಸೇರಿಸಿದೆ. ಆಯಿಲಿನ ಜೊತೆ ಹರಿದು, ಸೋರಿದ ಕಡೆಯಲ್ಲೆಲ್ಲ ಗುರುತು ಬಿಡೋ ಬಣ್ಣ ಅದು. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿ ಬಂದೆ. ಕತ್ತಲಾದ ಮೇಲೆ ಯುವಿ ಟಾರ್ಚ್ ಹಿಡಿದು, ಹಳದಿ ಕನ್ನಡಕ ಹಾಕಿಕೊಂಡು ಕೆಳಗೆ ತೂರಿದೆ. ವಾಲ್ವ್ ಕವರ್ ಎರಡೂ ಕಪ್ಪಗೆ, ಒಣಗಿದ ಹಾಗೇ ಇವೆ. ಎಂಜಿನ್ನಿನ ತಳದಲ್ಲಿ ಆಯಿಲ್ ಕೂಡೋ ತಟ್ಟೆ, ಆಯಿಲ್ ಪ್ಯಾನ್, ಅದರ ಮೇಲೆ ಹಸಿರು ಹಳದಿ ಹೊಳಪು ಚೆಲ್ಲಾಡಿದೆ. ಪ್ಯಾನಿನದ್ದೇ ಅಂತ ಅನ್ನಿಸಿತು. ಆದರೆ ಹೊಳಪಿನ ಜಾಡನ್ನ ಮೇಲಕ್ಕೆ, ಮುಂದಕ್ಕೆ ಹಿಡಿದು ಹೋದರೆ ಫಿಲ್ಟರಿನ ಹಿಂದೆ ಬಂದು ನಿಂತಿತು. ಫಿಲ್ಟರಿನ ರಿಂಗಿನಲ್ಲಲ್ಲ. ಫಿಲ್ಟರ್ ಕೂರೋ ಅಡಾಪ್ಟರ್ ಇದೆಯಲ್ಲ, ಅದು ಎಂಜಿನ್ ಬ್ಲಾಕಿಗೆ ಸೇರೋ ಕಡೆ ದಾರದಷ್ಟು ತೆಳ್ಳನೆಯ ಹಸಿರು ಗೆರೆ. ಮೇಲುಗಡೆ ಜಿನುಗಿ, ಓಡುವಾಗ ಗಾಳಿಗೆ ಹಿಂದಕ್ಕೆ ಹಾರಿ, ಪ್ಯಾನಿಗೆಲ್ಲ ಮೆತ್ತಿ, ಒಂದಿಷ್ಟು ಸೈಲೆನ್ಸರ್ ಪೈಪಿಗೂ ಬಿದ್ದು ಸುಟ್ಟ ವಾಸನೆ ಕೊಡ್ತಿತ್ತು. ಪ್ಯಾನು ಪಾಪ, ಬರೀ ಕೆಳಗೆ ಕೂತಿದ್ದಕ್ಕೆ ಬೈಸಿಕೊಂಡಿತ್ತು.

ಈ ಅಡಾಪ್ಟರ್ ಬರೀ ಆಯಿಲಿನದಲ್ಲ. ರೇಡಿಯೇಟರಿನ ಕೆಳಗಿನ ಹೋಸ್ ಕೂಡ ಇದಕ್ಕೇ ಬಂದು ಸೇರುತ್ತೆ. ಒಂದೇ ಗ್ಯಾಸ್ಕೆಟ್ ಒಂದು ಕಡೆ ಆಯಿಲನ್ನೂ ಇನ್ನೊಂದು ಕಡೆ ಎಂಜಿನ್ ತಣ್ಣಗಿಡೋ ಕೂಲಂಟನ್ನೂ ತಡೆದು ಹಿಡಿಯಬೇಕು. ಇದು ಗೊತ್ತಾದಾಗ ಹೊಟ್ಟೆಯಲ್ಲಿ ಸಣ್ಣ ಭಯ. ಕೂಲಂಟ್ ಆಯಿಲಿಗೆ ಸೇರಿದ್ದರೆ ಬೇರಿಂಗ್ ಕಥೆ ಮುಗೀತು. ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿರುವ ಬ್ಲ್ಯಾಕ್‌ಸ್ಟೋನ್ ಲ್ಯಾಬಿಗೆ ಆಯಿಲ್ ಸ್ಯಾಂಪಲ್ ಅಂಚೆಯಲ್ಲಿ ಕಳಿಸಿದೆ. ಕೂಲಂಟ್ ಸೇರಿದ್ದರೆ ಆಯಿಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಕಾಣಬೇಕು. ಎರಡೂ ಜಾಸ್ತಿ ಇರಲಿಲ್ಲ. ಸದ್ಯ, ಸೋರಿಕೆ ಹೊರಗಡೆಗೆ ಮಾತ್ರ.

ಗ್ಯಾಸ್ಕೆಟ್ಟಿಗೆ ಹನ್ನೆರಡು ಡಾಲರ್. ಹೊಸ ಕೂಲಂಟ್, ಫಿಲ್ಟರ್, ಆಯಿಲ್ ಸೇರಿ ನೂರರ ಒಳಗೆ ಮುಗೀತು.

ಕೆಲಸ ಒಂದು ಇಡೀ ಭಾನುವಾರ ತಿಂತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸಿದೆ. ಆಯಿಲ್ ಇಳಿಸಿದೆ. ಫಿಲ್ಟರ್ ಬಿಚ್ಚುವಾಗ ಅಡ್ಡ ಮಲಗಿದ ಫಿಲ್ಟರಿನಿಂದ ಆಯಿಲ್ ನೇರ ಚಾಸಿ ಮೇಲೆ ಸುರಿದು ಎಲ್ಲೆಲ್ಲೋ ಹರಿಯುತ್ತೆ. ಅದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನ ಅಡಿಕೆ ಹಾಳೆಯ ಹಾಗೆ ಬಗ್ಗಿಸಿ ಕೆಳಗೆ ದೋಣಿ ಮಾಡಿ ಕೊಟ್ಟೆ, ಸೀದಾ ಟ್ರೇಗೆ ಇಳಿಯಿತು. ರೇಡಿಯೇಟರ್ ಹೋಸ್ ಜಪ್ಪಯ್ಯ ಅನ್ನಲಿಲ್ಲ. ಎಳೆದರೆ ಹರಿಯುತ್ತೆ ಅಂತ ಮೆಲ್ಲಗೆ ಸುತ್ತಿಸಿ ಸುತ್ತಿಸಿ ಬಿಡಿಸಿದೆ. ಅಡಾಪ್ಟರಿನ ಬೋಲ್ಟ್‌ಗಳಲ್ಲಿ ಒಂದು ಮಾತ್ರ ಪಾನಾಕ್ಕೆ ಸಿಗದ ಜಾಗದಲ್ಲಿ. ಉದ್ದ ಎಕ್ಸ್‌ಟೆನ್ಷನ್, ತುದಿಗೆ ಬಗ್ಗೋ ಜಾಯಿಂಟು, ಮುಖದ ಮೇಲೆ ಹನಿಯೋ ಕೂಲಂಟು. ನಲವತ್ತು ನಿಮಿಷ.

ಬಿಚ್ಚಿದ ಗ್ಯಾಸ್ಕೆಟ್ ನೋಡಿದರೆ ಹಪ್ಪಳ. ಬಗ್ಗಿಸಿದ ಕೂಡಲೇ ಚಟ್ ಅಂತ ಮುರೀತು. ಅದರ ತಪ್ಪೇನೂ ಇಲ್ಲ, ಇಪ್ಪತ್ತು ವರ್ಷ ಒಂದು ಕಡೆ ಬಿಸಿ ಆಯಿಲ್, ಇನ್ನೊಂದು ಕಡೆ ಕುದಿಯೋ ನೀರು ತಡೆದು ನಿಂತಿತ್ತು. ಬ್ಲಾಕಿನ ಮುಖಕ್ಕೆ ಅಂಟಿದ ಚೂರುಗಳನ್ನ ಪ್ಲಾಸ್ಟಿಕ್ ಚಾಕುವಿನಿಂದ ಕೆರೆದು ತೆಗೆದೆ. ಅವಸರಕ್ಕೆ ಡ್ರಿಲ್ಲಿಗೆ ಉಜ್ಜೋ ಚಕ್ರ ಹಾಕಿ ಕೆರೆಯೋರು ಇದ್ದಾರೆ. ಅಡಾಪ್ಟರ್ ಅಲ್ಯೂಮಿನಿಯಂ, ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತೆ. ಉಜ್ಜಿದ ಪುಡಿ ಆಯಿಲ್ ದಾರಿಗೆ ಬಿದ್ದರಂತೂ ಎಂಜಿನ್ನೇ ಹೋಯ್ತು. ಒಳಗಿನ ತೂತಿಗೆ ಬಟ್ಟೆ ತುರುಕಿ ಕೆರೆದೆ. ಬಟ್ಟೆ ತೆಗೆದೆನಾ ಅಂತ ಮೂರು ಸಲ ನೋಡಿದೆ. ಹೊಸ ಗ್ಯಾಸ್ಕೆಟ್ಟಿಗೆ ಅಂಟು ಗಿಂಟು ಏನೂ ಹಚ್ಚದೆ ಹಾಗೇ ಕೂರಿಸಿ, ಬೋಲ್ಟ್‌ಗಳನ್ನ ಅಡ್ಡಡ್ಡ ಸರತಿಯಲ್ಲಿ ಟಾರ್ಕ್ ಪಾನಾ ಇಟ್ಟು ಬಿಗಿ ಮಾಡಿದೆ.

ಕೂಲಂಟ್ ವಿಷಯದಲ್ಲಿ ಕೈಗೆ ಸಿಕ್ಕಿದ್ದು ಸುರಿಯಬೇಡಿ. ಈ ವರ್ಷದ ಕಾರಿಗೆ ಹಳದಿ ಬಣ್ಣದ ಜಿ-05 ಜಾತಿಯದು. ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ ತುಂಬಿ, ಹೀಟರ್ ಪೂರ್ತಿ ಇಟ್ಟು, ಗಾಳಿ ಗುಳ್ಳೆ ನಿಲ್ಲೋವರೆಗೂ ಎಂಜಿನ್ ಓಡಿಸಿದೆ.

ಈಗ ಆಯಿಲ್. ಇಷ್ಟೆಲ್ಲ ಆದ ಮೇಲೆ ಯಾವುದು ಹಾಕಿದೆ? ಮೊದಲಿನದ್ದೇ. 5ಡಬ್ಲ್ಯೂ-20. ಡಬ್ಬದ ಮುಂದಿನ ಬ್ರ್ಯಾಂಡ್ ನೋಡೋದನ್ನ ಬಿಟ್ಟಿದ್ದೀನಿ, ಹಿಂದೆ ತಿರುಗಿಸ್ತೀನಿ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ಗುಂಡು ಮುದ್ರೆಯಲ್ಲಿ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ಇರಬೇಕು, ಎಸ್‌ಪಿ 2020ರಲ್ಲಿ ಬಂದದ್ದು. ಫೋರ್ಡಿನ ಡಬ್ಲ್ಯೂಎಸ್‌ಎಸ್-ಎಂ2ಸಿ960-ಎ1 ಅನ್ನೋ ಉದ್ದನೆಯ ನಂಬರ್ ಇರಬೇಕು. ಇವೆರಡೂ ಇದ್ದರೆ ಪೂರ್ತಿ ಸಿಂಥೆಟಿಕ್ ಆದರೂ ಸರಿ, ಬ್ಲೆಂಡ್ ಆದರೂ ಸರಿ, ಆ ವಾರ ಯಾವುದು ಕಮ್ಮಿಗೆ ಸಿಗುತ್ತೋ ಅದು. ಆದರೆ ಚಿಲ್ಲರೆ ಸಾಮಾನಿನ ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಸಿಗೋ ಡಬ್ಬ ಕಂಡರೆ ಹಿಂದಿನ ಸಣ್ಣ ಅಕ್ಷರ ಓದಿ. ಎಸ್‌ಎ ಅಂತ ಇದ್ದರೆ ಅದು 1930ರ ನಂತರದ ಎಂಜಿನ್ನಿಗೆ ಆಗೋದಿಲ್ಲ. ಇವತ್ತಿಗೂ ಅದನ್ನ ಮಾರ್ತಾರೆ ಅನ್ನೋದೇ ಆಶ್ಚರ್ಯ.

5ಡಬ್ಲ್ಯೂ-30 ಹಾಕಬಾರದಾ ಅಂತ ಕೇಳಿದರೆ, ಹಾಕಿದರೆ ಪ್ರಪಂಚ ಮುಳುಗೋದಿಲ್ಲ. 2001ಕ್ಕೆ ಮುಂಚೆ ಇದೇ 4.6 ಎಂಜಿನ್ನಿಗೆ ಫೋರ್ಡಿನವರೇ 5ಡಬ್ಲ್ಯೂ-30 ಹೇಳ್ತಿದ್ದರು. ತೆಳು ಆಯಿಲಿಗೆ ಬದಲಾಯಿಸಿದ್ದರ ಹಿಂದೆ ಪೆಟ್ರೋಲ್ ಉಳಿತಾಯದ ಲೆಕ್ಕ ಇತ್ತು. ಬೇಸಿಗೆಯಲ್ಲಿ ಟ್ರೈಲರ್ ಎಳೆಯೋದಿದ್ದರೆ ನಾನೂ 30 ಹಾಕ್ತೀನೇನೋ. ಆದರೆ ಸೋರೋದು ನಿಲ್ಲಲಿ ಅಂತ ಹಾಕೋದಿಲ್ಲ. ಎಷ್ಟಕ್ಕೆ ಬದಲಾಯಿಸಬೇಕು ಅನ್ನೋದಕ್ಕೆ ಮ್ಯಾನುಯಲ್ 5,000 ಮೈಲಿ ಅನ್ನುತ್ತೆ, ಕಷ್ಟದ ಓಡಾಟಕ್ಕೆ 3,000. ನನ್ನ ಆಫೀಸು ಒಂಬತ್ತು ಮೈಲಿ. ಚಳಿಗಾಲದಲ್ಲಿ ಎಂಜಿನ್ ಬಿಸಿಯಾಗೋ ಹೊತ್ತಿಗೆ ಪಾರ್ಕಿಂಗ್ ಬಂದಿರುತ್ತೆ. 4,000ಕ್ಕೆ ಬದಲಾಯಿಸ್ತೀನಿ. ಹಳೇ ಆಯಿಲನ್ನ ಅದೇ ಡಬ್ಬಕ್ಕೆ ತುಂಬಿ ಬಿಡಿಭಾಗದ ಅಂಗಡಿಗೆ ಕೊಟ್ಟರೆ ಸುಮ್ನೆ ತಗೊಳ್ತಾರೆ.

ಮಿಕ್ಕಿದ್ದು ಚುಟುಕಾಗಿ. ಗೇರ್‌ಬಾಕ್ಸಿನ ಆಯಿಲ್ ತೆಗೆದು ಹೊಸ ಮರ್ಕಾನ್ ಫೈವ್ ಆಯಿಲ್ ಹಾಕಿದೆ, ಗೇರ್ ಬೀಳುವಾಗಿನ ನಡುಕ ಹೋಯ್ತು. ಬೆಲ್ಟು, ಏರ್ ಫಿಲ್ಟರ್ ಹೊಸದು. 1996ರಿಂದ 2001ರವರೆಗಿನ ಇಂಥ ಕಾರು ಕೊಳ್ಳೋರಿದ್ದರೆ ಎಂಜಿನ್ನಿಗೆ ಗಾಳಿ ಹಂಚೋ ಇನ್‌ಟೇಕ್ ಮ್ಯಾನಿಫೋಲ್ಡಿನ ಮುಂಭಾಗ ಪ್ಲಾಸ್ಟಿಕ್ಕಾ ಅಲ್ಯೂಮಿನಿಯಮ್ಮಾ ನೋಡಿ. ಪ್ಲಾಸ್ಟಿಕ್ ಇದ್ದರೆ ಅಲ್ಲಿ ಬಿರುಕು ಬಿಟ್ಟು ಕೂಲಂಟ್ ಸೋರುತ್ತೆ. ನನ್ನದರಲ್ಲಿ ಅಲ್ಯೂಮಿನಿಯಂ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚ್ತಾರೆ, ಅದರಿಂದ ತುಕ್ಕು ಹಿಡಿದು ಎಲ್ಲಕ್ಕಿಂತ ಮೊದಲು ಹೋಗೋದು ಬ್ರೇಕ್ ಪೈಪು. ತಿಂಗಳಿಗೊಮ್ಮೆ ಚಾಸಿಗೆ ಕೆಳಗಿನಿಂದ ನೀರು ಹೊಡೀತೀನಿ. ಆಯಿಲ್ ದೀಪ ಉರಿಯುತ್ತೆ ಅಂತ ಕಾಯಬೇಡಿ. ಅದು ಒತ್ತಡ ತೀರಾ ಬಿದ್ದ ಮೇಲೆ ಉರಿಯೋದು, ಆಯಿಲ್ ಎಷ್ಟಿದೆ ಅಂತ ಅದಕ್ಕೆ ಗೊತ್ತಿರಲ್ಲ. ಪೆಟ್ರೋಲ್ ತುಂಬಿಸುವಾಗೊಮ್ಮೆ ಗೇಜ್ ಕಡ್ಡಿ ಎಳೆದು ನೋಡಿ.

98,900 ಮೈಲಿಯಲ್ಲಿ ಗ್ಯಾಸ್ಕೆಟ್ ಹಾಕಿದ್ದು. 99,900ರಲ್ಲಿ ಕಡ್ಡಿ ಎಳೆದರೆ ಆಯಿಲ್ ಮೇಲಿನ ಗೆರೆಯಿಂದ ಕೂದಲೆಳೆ ಕೆಳಗೆ. ಹೊಸ ರಟ್ಟು ಹಾಕಿ ಮೂರು ವಾರ ಆಯ್ತು, ಒಂದೂ ಸುತ್ತು ಇಲ್ಲ. ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. "ಆ 20ಡಬ್ಲ್ಯೂ-50 ಉಳಿದದ್ದು ಏನು ಮಾಡಿದೆ?" ಅಂತ ಕೇಳಿದರು. ಗ್ಯಾರೇಜ್ ಬಾಗಿಲಿನ ಹಿಂಜಿಗೆ ಹಾಕ್ತಿದ್ದೀನಿ ಅಂದೆ. "ಹಾಕು ಹಾಕು, ಅದು ಸೋರಲ್ಲ" ಅಂದರು.